ಟಾಮ್ ಆ್ಯಂಡ್ ಜೆರ್ರಿಯ ಮಸಿ ಮುಖ: ಮಕ್ಕಳಿಗೆ ತೋರಿಸಬೇಕೇ, ಬಿಡಬೇಕೇ?

ಪ್ರಶ್ನೆ: ನಾವು ಶಿವಮೊಗ್ಗದವರು, ಹಲವು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ ಹನ್ನೆರಡು ವರ್ಷ, ಮಗಳಿಗೆ ಆರು. ಈ ಬೇಸಿಗೆಯಲ್ಲಿ ಬಂದಿರುವ ನಮ್ಮ ಮಾವನವರು ಊರಿನಿಂದ 'ಟಾಮ್ ಆ್ಯಂಡ್ ಜೆರ್ರಿ'ಯ ಹಳೆಯ ಡಿವಿಡಿಗಳನ್ನು ತಂದಿದ್ದು, ಮೊಮ್ಮಕ್ಕಳ ಜೊತೆ ಕೂತು ನೋಡುತ್ತಾರೆ. ಮೊನ್ನೆ ಮಗಳ ತರಗತಿಯ ಗೆಳತಿಯೊಬ್ಬಳು ಆಡಲು ಬಂದಿದ್ದಳು, ಆಫ್ರಿಕನ್ ಅಮೆರಿಕನ್ ಕುಟುಂಬದ ಮಗು. ಕಾರ್ಟೂನಿನಲ್ಲಿ ಏನೋ ಸಿಡಿದು ಟಾಮ್‌ನ ಮುಖ ಕಪ್ಪಾಯಿತು, ತುಟಿ ದಪ್ಪಗಾಯಿತು, ತಲೆಯ ಮೇಲೆ ರಿಬ್ಬನ್ ಕಟ್ಟಿದ ಪುಟ್ಟ ಜಡೆಗಳು ಎದ್ದು ನಿಂತವು. ನಮ್ಮವರೆಲ್ಲ ನಕ್ಕರು, ಆ ಮಗು ನಗಲಿಲ್ಲ. 'ಅವನನ್ನು ಯಾಕೆ ಹಾಗೆ ಮಾಡಿದ್ದಾರೆ?' ಎಂದು ನನ್ನನ್ನೇ ಕೇಳಿತು. ನಾನು ಟಿವಿ ಆರಿಸಿದೆ, ಉತ್ತರ ಹೊಳೆಯಲಿಲ್ಲ. ಮಾವನವರು 'ನೋಡಮ್ಮ, ಬೆಕ್ಕು ಇಲಿ ಜಗಳದಲ್ಲಿ ಬಣ್ಣ ಯಾಕೆ ಹುಡುಕುತ್ತೀರಿ? ನಿನ್ನ ಗಂಡನೂ ಇದನ್ನೇ ನೋಡಿ ಬೆಳೆದವನಲ್ಲವೇ' ಎನ್ನುತ್ತಾರೆ. ಇದರಲ್ಲಿ ನಿಜವಾಗಿ ತಪ್ಪಿದೆಯೇ, ಇಲ್ಲವೇ ಈಗಿನವರ ಅತಿಸೂಕ್ಷ್ಮತೆಯೇ? ಮನೆಯಲ್ಲಿ ತೋರಿಸುವುದನ್ನೇ ನಿಲ್ಲಿಸಬೇಕೇ? ಆ ಮಗುವಿನ ತಾಯಿಗೆ ನಾನು ಏನಾದರೂ ಹೇಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳಿದ್ದು ಆ ಆರು ವರ್ಷದ ಮಗು. ಅದಕ್ಕೆ ಉತ್ತರ ಸಿಕ್ಕರೆ ನಿಮ್ಮ ಉಳಿದ ಆತಂಕಗಳಿಗೂ ದಾರಿ ಕಾಣುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಅನಿಮೇಷನ್ ಇತಿಹಾಸವನ್ನು ಕಲಿಸುವ ನನ್ನ ಕೆಲಸದಲ್ಲಿ ಈ ದೃಶ್ಯಗಳನ್ನು ವಿದ್ಯಾರ್ಥಿಗಳೊಂದಿಗೆ ಮತ್ತೆ ಮತ್ತೆ ನೋಡಬೇಕಾಗುತ್ತದೆ. 'ಮದ್ದು ಸಿಡಿದರೆ ಮುಖಕ್ಕೆ ಮಸಿ ಮೆತ್ತುವುದು ಸಹಜವಲ್ಲವೇ' ಎಂಬ ಮಾತು ಪ್ರತಿ ತರಗತಿಯಲ್ಲೂ ಬರುತ್ತದೆ. ಮಸಿ ಮೆತ್ತುವುದು ಸಹಜವೇ ಹೌದು. ಆದರೆ ಮಸಿಯಿಂದ ತುಟಿ ದಪ್ಪಗಾಗುವುದಿಲ್ಲ, ಕೂದಲಿಗೆ ರಿಬ್ಬನ್ ಬರುವುದಿಲ್ಲ, ಬೆಕ್ಕಿನ ಮಾತಿನ ಧಾಟಿಯೂ ಬದಲಾಗುವುದಿಲ್ಲ. ಅವನ್ನೆಲ್ಲ ಚಿತ್ರಕಾರರು ಬೇಕೆಂದೇ ಸೇರಿಸಿದ್ದಾರೆ, ಅಂದಿನ ಪ್ರೇಕ್ಷಕ ತಕ್ಷಣ ಗುರುತಿಸಿ ನಗುತ್ತಾನೆಂಬ ಭರವಸೆಯಿಂದ ಸೇರಿಸಿದ್ದಾರೆ.

ಆ ಗುರುತು ಬಂದದ್ದು ರಂಗಭೂಮಿಯಿಂದ. 1830ರ ದಶಕದಲ್ಲಿ ಥಾಮಸ್ ಡಾರ್ಟ್‌ಮತ್ ರೈಸ್ ಎಂಬ ಬಿಳಿಯ ನಟ ಸುಟ್ಟ ಕಾರ್ಕಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, 'ಜಿಮ್ ಕ್ರೋ' ಎಂಬ ಕಪ್ಪು ಮನುಷ್ಯನ ಅಣಕ ಪಾತ್ರವಾಗಿ ಕುಣಿದು ಹೆಸರು ಮಾಡಿದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗಿನ್ನೂ ಗುಲಾಮಗಿರಿ ಇತ್ತು. ಇಂಥ ಪ್ರದರ್ಶನಗಳು 'ಮಿನ್‌ಸ್ಟ್ರೆಲ್' ಎಂಬ ಹೆಸರಿನಲ್ಲಿ ದೇಶದಾದ್ಯಂತ ಹಬ್ಬಿ, ಆ ಶತಮಾನದ ಅತ್ಯಂತ ಜನಪ್ರಿಯ ಮನರಂಜನೆಗಳಲ್ಲಿ ಒಂದಾದವು. ಗುಲಾಮಗಿರಿ ಕೊನೆಗೊಂಡ ಮೇಲೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲುಗಳಲ್ಲಿ ಬೇರೆ ಇಡುವ ಕಾನೂನುಗಳಿಗೆ ಜನ ಅದೇ ಜಿಮ್ ಕ್ರೋ ಹೆಸರನ್ನು ಇಟ್ಟರು. ದೊಡ್ಡ ಬಾಯಿ, ಉರುಟಾದ ಕಣ್ಣು, ಬಿಳಿ ಕೈಗವಸು, ಸೋಮಾರಿತನ, ಕಳ್ಳತನ, ಮುರುಕು ಇಂಗ್ಲಿಷ್, ಇವೆಲ್ಲ ಆ ರಂಗದ ಸಿದ್ಧ ಸಾಮಗ್ರಿಗಳಾಗಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ಟೂನ್ ಚಿತ್ರಗಳು ಹುಟ್ಟಿದಾಗ ಅವು ತಮ್ಮ ಹಾಸ್ಯವನ್ನು ಬಹಳಮಟ್ಟಿಗೆ ಇದೇ ರಂಗಭೂಮಿಯಿಂದ ಪಡೆದುಕೊಂಡವು. ಇದರ ಹಿಂದೆ ಕೆಲಸದ ಅನುಕೂಲವೂ ಇತ್ತು. ಕಪ್ಪು-ಬಿಳುಪು ಚಿತ್ರದಲ್ಲಿ ಮೈಯನ್ನು ಪೂರ್ತಿ ಕಪ್ಪು ತುಂಬಿ, ಕಣ್ಣು ಬಾಯಿಗಳನ್ನು ಬೆಳ್ಳಗೆ ಬಿಟ್ಟರೆ ಆಕೃತಿ ದೂರಕ್ಕೂ ಸ್ಪಷ್ಟವಾಗಿ ಕಾಣುತ್ತದೆ, ಬರೆಯಲೂ ಸುಲಭ. ಅನುಕೂಲವೂ ಪೂರ್ವಗ್ರಹವೂ ಹೀಗೆ ಒಂದೇ ಗೆರೆಯಲ್ಲಿ ಬೆರೆತುಹೋದವು.

ಹ್ಯೂ ಹಾರ್ಮನ್ ಮತ್ತು ರುಡಾಲ್ಫ್ ಐಸಿಂಗ್ ಎಂಬ ಜೋಡಿ ರೂಪಿಸಿದ ಬಾಸ್ಕೋ ಎಂಬ ಪಾತ್ರ ನೋಡುವುದಕ್ಕೆ ಯಾವ ಪ್ರಾಣಿಯೆಂದು ಹೇಳಲಾಗದಂತಿತ್ತು, ಆದರೆ 1928ರ ಹಕ್ಕುಸ್ವಾಮ್ಯ ದಾಖಲೆಯಲ್ಲಿ ಅದನ್ನು 'ನೀಗ್ರೊ ಹುಡುಗ' ಎಂದೇ ನಮೂದಿಸಲಾಗಿತ್ತು. ಅದೇ ಐಸಿಂಗ್ ಅವರ ಹೆಸರನ್ನು ಹೊತ್ತು ಎಂಜಿಎಂ ಸ್ಟುಡಿಯೊದಿಂದ 1940ರ ಫೆಬ್ರುವರಿಯಲ್ಲಿ ಬಿಡುಗಡೆಯಾದ 'ಪುಸ್ ಗೆಟ್ಸ್ ದ ಬೂಟ್' ಟಾಮ್ ಆ್ಯಂಡ್ ಜೆರ್ರಿ ಸರಣಿಯ ಮೊದಲ ಚಿತ್ರ. ಅದನ್ನು ಮಾಡಿದವರು ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ. ಅದರಲ್ಲಿ ಬೆಕ್ಕಿನ ಹೆಸರು ಇನ್ನೂ ಟಾಮ್ ಆಗಿರಲಿಲ್ಲ, ಜಾಸ್ಪರ್ ಎಂದಿತ್ತು. ನಿಮ್ಮ ಡಿವಿಡಿಯ ದೃಶ್ಯ ಎರಡು ಕ್ಷಣದ ಚೇಷ್ಟೆಯಂತೆ ಕಂಡರೂ ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ವಂಶಾವಳಿಯಿದೆ. ಆ ಮಗುವಿಗೆ ವಂಶಾವಳಿ ಗೊತ್ತಿಲ್ಲದಿದ್ದರೂ ಆ ಮುಖ ಯಾರ ಅಣಕವೆಂಬುದು ಗೊತ್ತಾಗಿದೆ.

ಇನ್ನು ಆ ಮೊದಲ ಚಿತ್ರದಲ್ಲೇ ಇರುವ ಹೆಂಗಸಿನ ವಿಷಯ. ನೀವು ಅವಳ ಬಗ್ಗೆ ಕೇಳದಿದ್ದರೂ ನಿಮ್ಮ ಡಿವಿಡಿಗಳಲ್ಲಿ ಅವಳು ಇದ್ದೇ ಇರುತ್ತಾಳೆ. ದಪ್ಪ ಕಾಲು, ಕೆಳಗೆ ಸರಿದ ಕಾಲುಚೀಲ, ಸವೆದ ಚಪ್ಪಲಿ, ಕೈಯಲ್ಲಿ ಪೊರಕೆ, ಮೇಲಿನಿಂದ ಬರುವ ಗದರಿಕೆಯ ಧ್ವನಿ. ಸ್ಟುಡಿಯೊದವರು ಅವಳನ್ನು 'ಮ್ಯಾಮಿ ಟೂ ಶೂಸ್' ಎಂದು ಕರೆಯುತ್ತಿದ್ದರು. 'ಮ್ಯಾಮಿ' ಎಂದರೆ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿ ಮಕ್ಕಳನ್ನು ಸಾಕುವ, ತನ್ನದೆಂಬ ಬದುಕೇ ಇಲ್ಲದ ನಿಷ್ಠಾವಂತ ಕಪ್ಪು ದಾದಿಯ ಪಡಿಯಚ್ಚು. ನಟಿ ಹ್ಯಾಟಿ ಮೆಕ್‌ಡ್ಯಾನಿಯೆಲ್ 'ಗಾನ್ ವಿತ್ ದ ವಿಂಡ್' ಚಿತ್ರದ ಅಂಥದೇ ಪಾತ್ರಕ್ಕಾಗಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆಯಾದದ್ದು ಇದೇ 1940ರಲ್ಲಿ. ಪ್ರಶಸ್ತಿ ಸಮಾರಂಭದಲ್ಲಿ ಅವರನ್ನು ಚಿತ್ರದ ಬಿಳಿಯ ಕಲಾವಿದರಿಂದ ದೂರವಾಗಿ, ಬೇರೆ ಮೇಜಿನಲ್ಲಿ ಕೂರಿಸಿದ್ದರು. ಕಾರ್ಟೂನಿನ ಹೆಂಗಸಿಗೆ ಧ್ವನಿ ಕೊಟ್ಟ ಲಿಲಿಯನ್ ರ‍್ಯಾಂಡಾಲ್ಫ್ ರೇಡಿಯೊದಲ್ಲೂ ಸಿನಿಮಾದಲ್ಲೂ ಮನೆಗೆಲಸದವಳ ಪಾತ್ರಗಳಿಂದಲೇ ಹೆಸರಾದವರು. ಅವರ ದನಿಯ ಏರಿಳಿತ, ಸಮಯಪ್ರಜ್ಞೆಗಳನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಪಡಿಯಚ್ಚಿನೊಳಗೆ ಸಿಕ್ಕಿಕೊಂಡೂ ಒಬ್ಬ ಕಲಾವಿದೆ ಎಷ್ಟು ಮಾಡಬಲ್ಲಳು ಎಂಬುದನ್ನು ಆ ದನಿಯಲ್ಲಿ ಕೇಳಬಹುದು.

ಕ್ಯಾಮೆರಾ ಇಲಿಯ ಎತ್ತರದಲ್ಲಿರುವುದರಿಂದ ಅವಳ ಮುಖ ಕಾಣುವುದಿಲ್ಲ ಎಂಬ ಸಮರ್ಥನೆಯನ್ನು ನೀವು ಕೇಳಿರಬಹುದು. ಅದರಲ್ಲಿ ಅರ್ಧ ಸತ್ಯವಿದೆ. ನಂತರದ ವರ್ಷಗಳಲ್ಲಿ ಅದೇ ಸರಣಿಗೆ ಬಿಳಿಯ ದಂಪತಿ ಮನೆಯೊಡೆಯರಾಗಿ ಬಂದಾಗ ಅವರ ಮುಖಗಳು ಕಾಣಿಸಿದವು. ಈ ಹೆಂಗಸಿನ ಮುಖ ಮಾತ್ರ 1950ರ 'ಸಾಟರ್ಡೆ ಈವ್ನಿಂಗ್ ಪುಸ್' ಚಿತ್ರದಲ್ಲಿ ಅವಳು ಓಡಿಬರುವಾಗ ಒಂದು ಮಿಂಚಿನಷ್ಟು ಹೊತ್ತು ಕಾಣುತ್ತದೆ. ಅದೇ ಚಿತ್ರದಲ್ಲಿ ಅವಳು ಒಡವೆ ತೊಟ್ಟು, ಶನಿವಾರ ಸಂಜೆ ಗೆಳತಿಯರೊಡನೆ ಇಸ್ಪೀಟಾಡಲು ಹೋಗುತ್ತಾಳೆ. ಹೀಗಾಗಿ ಅವಳು ಆಳೇ, ಮನೆಯೊಡತಿಯೇ ಎಂಬ ಚರ್ಚೆ ಅಭಿಮಾನಿಗಳಲ್ಲಿ ಇಂದಿಗೂ ಇದೆ. ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಮೊದಲ ಚಿತ್ರದ ಕಥೆ. ಇನ್ನೊಂದು ಸಾಮಾನು ಒಡೆದರೆ ಮನೆಯಿಂದ ಆಚೆ ಹಾಕುತ್ತೇನೆ ಎಂದು ಅವಳು ಬೆಕ್ಕನ್ನು ಹೆದರಿಸುತ್ತಾಳೆ, ಇಡೀ ಹಾಸ್ಯ ಆ ಹೆದರಿಕೆಯ ಮೇಲೆ ನಿಂತಿದೆ. ಒಂದು ತಟ್ಟೆ ಒಡೆದರೆ ಕೆಲಸ ಹೋಗುವ ಭಯ ಅಂದಿನ ಅಮೆರಿಕದ ಅಸಂಖ್ಯ ಕಪ್ಪು ಮನೆಗೆಲಸದ ಹೆಂಗಸರ ದಿನನಿತ್ಯದ ಭಯವಾಗಿತ್ತು. ಕಾರ್ಟೂನು ಆ ಭಯವನ್ನು ಬೆಕ್ಕಿಗೆ ವರ್ಗಾಯಿಸಿ, ಗದರಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿತು.

ಈ ಎರಡೂ ಎಳೆಗಳು 1948ರ 'ಮೌಸ್ ಕ್ಲೀನಿಂಗ್' ಚಿತ್ರದ ಕೊನೆಯಲ್ಲಿ ಮುಖಾಮುಖಿಯಾಗುತ್ತವೆ. ಮನೆ ಕೊಳೆಯಾಗದಂತೆ ನೋಡಿಕೋ ಎಂದು ಹೇಳಿ ಹೋದವಳು ಹಿಂದಿರುಗುವಾಗ ಮನೆಯ ತುಂಬ ಕಲ್ಲಿದ್ದಲು ಸುರಿದಿರುತ್ತದೆ. ಅದರೊಳಗಿಂದ ಮಸಿಮುಖದ ಟಾಮ್ ತಲೆ ಎತ್ತಿದಾಗ, ಅವನನ್ನು ಗುರುತಿಸದೆ ಬೆಕ್ಕನ್ನು ಕಂಡೆಯಾ ಎಂದು ಕೇಳುತ್ತಾಳೆ, ಅವನು ಆಗಿನ ಸಿನಿಮಾಗಳ ಸೋಮಾರಿ ಕಪ್ಪು ಆಳಿನ ಧಾಟಿಯಲ್ಲಿ ಎಳೆದೆಳೆದು ಉತ್ತರ ಕೊಡುತ್ತಾನೆ. ಮೂರು ವರ್ಷಗಳ ನಂತರದ 'ಹಿಸ್ ಮೌಸ್ ಫ್ರೈಡೇ' ಇನ್ನೂ ಮುಂದೆ ಹೋಯಿತು. ಅದರಲ್ಲಿ ಜೆರ್ರಿ ಮೈಗೆ ಮಸಿ ಬಳಿದುಕೊಂಡು ನರಭಕ್ಷಕನ ವೇಷ ಹಾಕುತ್ತಾನೆ, ಬಳಿಕ ನಿಜವಾದ ನರಭಕ್ಷಕರೇ ಬರುತ್ತಾರೆ. ಅಲ್ಲಿ ಎರಡು ಕ್ಷಣ ಕತ್ತರಿಸಿ ಸರಿಪಡಿಸುವ ಮಾತೇ ಇಲ್ಲ, ಕಥೆಯೇ ಆ ಅಣಕದಿಂದ ಹೆಣೆದದ್ದು.

ನಿಮ್ಮ ಮಾವನವರು ಹೇಳುವುದು ಬಹಳ ಜನ ನಂಬುವ ಮಾತು, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಈ ಆಕ್ಷೇಪ ಈಗಿನ ಕಾಲದ್ದು ಎಂಬುದು ತಪ್ಪು. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಸಂಸ್ಥೆಯ ವಾಲ್ಟರ್ ವೈಟ್ 1942ರಲ್ಲೇ ಹಾಲಿವುಡ್ಡಿನ ಸ್ಟುಡಿಯೊ ಮುಖ್ಯಸ್ಥರನ್ನು ಕಂಡು ಇಂಥ ಪಾತ್ರಗಳ ಬಗ್ಗೆ ಮಾತನಾಡಿದ್ದರು. ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೊದ 1941ರ 'ಸ್ಕ್ರಬ್ ಮಿ ಮಾಮಾ ವಿತ್ ಎ ಬೂಗಿ ಬೀಟ್' ಎಂಬ ಕಾರ್ಟೂನು 1948ರಲ್ಲಿ ಮತ್ತೆ ತೆರೆಗೆ ಬಂದಾಗ ಎನ್‌ಎಎಸಿಪಿ ಪತ್ರ ಬರೆದು ಪ್ರತಿಭಟಿಸಿತು, ಮರುವರ್ಷ ಯೂನಿವರ್ಸಲ್ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ 1968ರಲ್ಲಿ ವಾರ್ನರ್ ಕಾರ್ಟೂನುಗಳ ಪೈಕಿ ಹನ್ನೊಂದನ್ನು ಟಿವಿ ಪ್ರಸಾರದಿಂದಲೇ ಕೈಬಿಟ್ಟಿತು. ಆಗ ನಿಮ್ಮ ಮಾವನವರು ಪ್ರಾಯಶಃ ಬಾಲಕರಾಗಿದ್ದಿರಬಹುದು. ನೋವು ಅಂದೂ ಇತ್ತು, ಅದನ್ನು ಹೇಳಿದವರೂ ಇದ್ದರು. ಆ ಮಾತು ನಮ್ಮ ಕಿವಿಗೆ ಬೀಳಲಿಲ್ಲ, ಅಷ್ಟೆ.

ನಮ್ಮಲ್ಲಿಗೆ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಬಂದದ್ದು 1995ರಲ್ಲಿ. ಟಾಮ್ ಆ್ಯಂಡ್ ಜೆರ್ರಿಗೆ ಮಾತು ಹೆಚ್ಚು ಬೇಡವಾದ್ದರಿಂದ ಇಂಗ್ಲಿಷ್ ಬಾರದ ಕನ್ನಡದ ಮನೆಗಳಿಗೂ ಅದು ಸಲೀಸಾಗಿ ಒಗ್ಗಿಕೊಂಡಿತು. ಮಸಿಮುಖದ ಹಿಂದಿನ ಚರಿತ್ರೆ ಜೊತೆಗೆ ಬರಲಿಲ್ಲ. ನಿಮ್ಮ ಪತಿಯೂ ಅವರ ತಂದೆಯವರೂ ಕಪ್ಪು ಜನರನ್ನು ಹೀಯಾಳಿಸಲೆಂದು ನಕ್ಕವರಲ್ಲ, ಬೆಕ್ಕಿನ ಪೇಚಾಟಕ್ಕೆ ನಕ್ಕವರು. ಹಾಗಿದ್ದರೂ, ಮೈಬಣ್ಣ ಕಪ್ಪಾಗುವುದೇ ನಗೆಪಾಟಲು ಎಂಬ ಭಾವ ನಮಗೆ ತೀರಾ ಹೊಸದಾಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಣ್ಣದ ಮಾತು ಬರುವ ಮನೆಗಳು ಇಂದಿಗೂ ಇವೆ.

ಪ್ರಾಣಿಗಳ ಕಥೆಯಲ್ಲಿ ಸಮಾಜ ಎಲ್ಲಿಂದ ಬಂತು ಎಂಬುದು ಇನ್ನೊಂದು ಸಂಶಯ. ಮನುಷ್ಯರನ್ನು ಹಾಗೆ ಬರೆದರೆ ಮುಜುಗರವಾಗುವ ಕಡೆ ಪ್ರಾಣಿಯನ್ನು ಬರೆದರೆ ಆ ಮುಜುಗರ ಇಲ್ಲವಾಗುತ್ತದೆ, ಪ್ರಾಣಿಕಥೆ ಪಡಿಯಚ್ಚುಗಳಿಗೆ ಅಷ್ಟೊಂದು ಒದಗಿಬಂದದ್ದು ಈ ಕಾರಣಕ್ಕೇ. ಡಿಸ್ನಿಯ 'ಡಂಬೊ' (1941) ಚಿತ್ರದ ಕಾಗೆಗಳ ನಾಯಕನಿಗೆ ಚಿತ್ರ ಮಾಡಿದವರು ಇಟ್ಟಿದ್ದ ಹೆಸರು ಜಿಮ್ ಕ್ರೋ, ಅದಕ್ಕೆ ಕಪ್ಪು ಜನರ ಧಾಟಿಯಲ್ಲಿ ಧ್ವನಿ ಕೊಟ್ಟವರು ಬಿಳಿಯ ನಟ ಕ್ಲಿಫ್ ಎಡ್ವರ್ಡ್ಸ್. ಅದೇ ಕಾಗೆಗಳು ಎಲ್ಲರೂ ತಿರಸ್ಕರಿಸಿದ ಆನೆಮರಿಗೆ ಹಾರಲು ಧೈರ್ಯ ತುಂಬುತ್ತವೆ ಎಂಬುದೂ ನಿಜ, ಅದನ್ನು ಮರೆಯಬಾರದು.

ಇದಕ್ಕಿಂತ ಜಟಿಲವಾದದ್ದು ಸ್ಪೀಡಿ ಗೊನ್ಜಾಲೆಸ್ ಎಂಬ ಮೆಕ್ಸಿಕೊದ ಇಲಿಯ ಪ್ರಸಂಗ. 1955ರಲ್ಲಿ ಬಂದ ಅವನ ಹೆಸರಿನ ಚಿತ್ರ ಆಸ್ಕರ್ ಗೆದ್ದಿತು. ಅವನ ಸುತ್ತಲಿನ ಇಲಿಗಳನ್ನು ಸೋಮಾರಿಗಳೂ ಕುಡುಕರೂ ಆಗಿ ತೋರಿಸಲಾಗಿದೆ ಎಂಬ ಕಾರಣಕ್ಕೆ 1999ರಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಆ ಚಿತ್ರಗಳನ್ನು ನಿಲ್ಲಿಸಿತು. ಅವನು ನಮ್ಮ ನಾಯಕ, ಸೊಕ್ಕಿದ ಬೆಕ್ಕನ್ನು ಪ್ರತಿಸಲ ಸೋಲಿಸುವವನು ಎಂದು ಲ್ಯಾಟಿನ್ ಅಮೆರಿಕ ಮೂಲದ ವೀಕ್ಷಕರೂ ಅವರ ಸಂಘಟನೆಗಳೂ ಒತ್ತಾಯಿಸಿದ್ದರಿಂದ 2002ರಲ್ಲಿ ಮತ್ತೆ ಹಾಕಲಾಯಿತು. ಯಾರ ಚಿತ್ರ ಬರೆಯಲಾಗಿದೆಯೋ ಅವರು ಅದರಲ್ಲಿ ತಮ್ಮನ್ನು ಕಾಣುತ್ತಾರೋ, ತಮ್ಮ ಅಣಕವನ್ನು ಕಾಣುತ್ತಾರೋ ಎಂಬುದು ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಪಾತ್ರ ಗೆಲ್ಲುತ್ತದೆಯೇ, ಅದಕ್ಕೆ ಬುದ್ಧಿಯಿದೆಯೇ, ಅಥವಾ ನಗಲು ಬೇಕಾದ ಮುಖವಾಗಿ ಮಾತ್ರ ಬಂದುಹೋಗುತ್ತದೆಯೇ ಎಂದು ನೋಡಬೇಕು. ನಿಮ್ಮ ಡಿವಿಡಿಯ ಮಸಿಮುಖ ಮೂರನೆಯ ಬಗೆಯದು, ಅದರ ಪರವಾಗಿ ಹೇಳುವಂಥದ್ದು ನನಗೆ ಏನೂ ಸಿಕ್ಕಿಲ್ಲ.

ಮಕ್ಕಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಈ ಕಾರ್ಟೂನುಗಳು ಚಿತ್ರಮಂದಿರಗಳಲ್ಲಿ ಓಡುತ್ತಿದ್ದ ವರ್ಷಗಳಲ್ಲೇ ಮನೋವಿಜ್ಞಾನಿಗಳಾದ ಕೆನೆತ್ ಮತ್ತು ಮ್ಯಾಮಿ ಕ್ಲಾರ್ಕ್ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಕಂದು ಮತ್ತು ಬಿಳಿ ಗೊಂಬೆಗಳನ್ನಿಟ್ಟು, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯೇ ಒಳ್ಳೆಯದೆಂದರು. ಶಾಲೆಗಳಲ್ಲಿ ವರ್ಣದ ಪ್ರತ್ಯೇಕತೆಯನ್ನು ರದ್ದುಗೊಳಿಸಿದ 1954ರ ಸುಪ್ರೀಂ ಕೋರ್ಟ್ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಅವರ ಕೆಲಸದ ಉಲ್ಲೇಖವಿದೆ. ಆರು ವರ್ಷದ ಮಗು ಆ ಮುಖವನ್ನು ಕಂಡು ನಗದೇ ಇದ್ದದ್ದರಲ್ಲಿ ಅಚ್ಚರಿಯಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಕತ್ತರಿಸಿದ ಪ್ರತಿಗಳನ್ನು ತೋರಿಸುವುದು ಸುಲಭವೆನಿಸುತ್ತದೆ, ಆದರೆ ಅದರಲ್ಲಿ ನೀವು ಊಹಿಸದ ಅಪಾಯವಿದೆ. 1960ರ ದಶಕದಲ್ಲಿ ಟಿವಿಗಾಗಿ ಈ ಚಿತ್ರಗಳನ್ನು ತಿದ್ದುವಾಗ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಅವರ ತಂಡದವರು ಆ ಕಪ್ಪು ಹೆಂಗಸನ್ನು ಕೆಲವು ಚಿತ್ರಗಳಲ್ಲಿ ತೆಳ್ಳಗಿನ ಬಿಳಿಯ ಹೆಂಗಸಾಗಿ ಹೊಸದಾಗಿ ಬರೆದರು, ಜೂನ್ ಫೋರೇ ಐರಿಷ್ ಧಾಟಿಯಲ್ಲಿ ಧ್ವನಿ ಕೊಟ್ಟರು. ಮುಂದೆ 1990ರ ದಶಕದಲ್ಲಿ ಚಿತ್ರ ಹಾಗೇ ಇದ್ದು ಧ್ವನಿ ಮಾತ್ರ ಬದಲಾಯಿತು, ಥಿಯಾ ವಿಡಾಲ್ ಮಾತನಾಡಿದರು. ಮೊದಲ ತಿದ್ದುಪಡಿಯಲ್ಲಿ ಅಣಕದ ಜೊತೆಗೆ ಆ ಹೆಂಗಸೇ ಮಾಯವಾದಳು, ಎರಡರಲ್ಲೂ ಲಿಲಿಯನ್ ರ‍್ಯಾಂಡಾಲ್ಫ್ ಅವರ ದುಡಿಮೆ ಅಳಿಸಿಹೋಯಿತು. ಪುಟ್ಟ ಮಕ್ಕಳಿಗೆ ತಿದ್ದಿದ ಪ್ರತಿ ತೋರಿಸುವುದರಲ್ಲಿ ತಪ್ಪಿಲ್ಲ, ಆದರೆ ಒಂದು ಪ್ರತಿಯಲ್ಲಿ ಕತ್ತರಿಸಿದ್ದು ಇನ್ನೊಂದರಲ್ಲಿ ಉಳಿದಿರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಬರಹವನ್ನು ನಂಬದೆ ನೀವೇ ಮೊದಲು ನೋಡಬೇಕು.

ಪೂರ್ತಿ ನಿಲ್ಲಿಸುವುದು ಇನ್ನೊಂದು ದಾರಿ. ಅದಕ್ಕೂ ಬೆಲೆಯಿದೆ. ಹಾನಾ ಮತ್ತು ಬಾರ್ಬೆರಾ 1940ರಿಂದ 1958ರವರೆಗೆ ಮಾಡಿದ 114 ಚಿತ್ರಗಳಲ್ಲಿ ಏಳಕ್ಕೆ ಆಸ್ಕರ್ ಬಂದಿದೆ, ಸಂಗೀತಕ್ಕೂ ಚಲನೆಗೂ ಅಷ್ಟು ನಿಖರವಾದ ಹೊಂದಿಕೆ ಕಾರ್ಟೂನಿನ ಚರಿತ್ರೆಯಲ್ಲಿ ಅಪರೂಪ. ಅದನ್ನೆಲ್ಲ ಮಕ್ಕಳಿಗೆ ತಪ್ಪಿಸುವುದು ನನಗೆ ಇಷ್ಟವಿಲ್ಲ. ಆದ್ದರಿಂದ ನಿಮ್ಮ ಮಗಳಿಗೆ ಆಯ್ದು ತೋರಿಸಿ ಎನ್ನುತ್ತೇನೆ. ಟಾಮ್ ಪಿಯಾನೊ ನುಡಿಸುವ 'ದ ಕ್ಯಾಟ್ ಕನ್ಸರ್ಟೊ' ಒಂದೇ ಸಾಕು, ಅಜ್ಜ-ಮೊಮ್ಮಗಳು ಹತ್ತು ಸಲ ನೋಡಿದರೂ ಬೇಸರವಾಗದು. ಆರರ ಮಗುವಿಗೆ ಮಿನ್‌ಸ್ಟ್ರೆಲ್ ಚರಿತ್ರೆ ಹೊರೆಯಾಗುತ್ತದೆ. ದೃಶ್ಯವನ್ನು ತೋರಿಸಿ ವಿವರಣೆ ಕೊಟ್ಟರೆ ವಿವರಣೆ ಮರೆತುಹೋಗಿ ದೃಶ್ಯ ಉಳಿಯುವ, ಅದನ್ನೇ ಅವಳು ಶಾಲೆಯಲ್ಲಿ ಮಾಡಿ ತೋರಿಸುವ ಸಂಭವವೇ ಹೆಚ್ಚು.

ಮಗನ ವಿಷಯ ಬೇರೆ. ಅಮೆರಿಕದ ಶಾಲೆಯಲ್ಲಿ ಹನ್ನೆರಡರ ಹುಡುಗನಿಗೆ ಗುಲಾಮಗಿರಿಯ ಚರಿತ್ರೆ ಆಗಲೇ ಪರಿಚಯವಾಗಿರುತ್ತದೆ, ಅವನ ಜೊತೆ ಕತ್ತರಿಸದ ಚಿತ್ರವನ್ನೇ ಕೂತು ನೋಡಬಹುದು. 2005ರ ಒಂದು ಡಿವಿಡಿ ಸಂಪುಟದ ಆರಂಭದಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಕಾಣಿಸಿಕೊಂಡು ಈ ಚಿತ್ರಗಳನ್ನು ಏಕೆ ಹಾಗೆಯೇ ಉಳಿಸಿಕೊಂಡಿದೆ ಎಂದು ವಿವರಿಸುತ್ತಾರೆ. ಈ ಚಿತ್ರಣಗಳು ಅಂದೂ ತಪ್ಪು, ಇಂದೂ ತಪ್ಪು, ಆದರೆ ಇವನ್ನು ಅಡಗಿಸಿದರೆ ಆ ಪೂರ್ವಗ್ರಹಗಳು ಇರಲೇ ಇಲ್ಲವೆಂದಂತಾಗುತ್ತದೆ ಎಂಬ ಅರ್ಥದ ಸೂಚನೆಯನ್ನು ಈ ಡಿವಿಡಿಗಳನ್ನು ಹೊರತಂದ ವಾರ್ನರ್ ಕಂಪನಿ ಹಾಕುತ್ತಾ ಬಂದಿದೆ. ನಾನೂ ಇದೇ ನಿಲುವಿನವನು, ಆದರೆ ಸೂಚನೆ ಹಾಕಿಬಿಟ್ಟರೆ ಕರ್ತವ್ಯ ಮುಗಿಯಿತೆಂದು ಭಾವಿಸಲಾರೆ. ಪಕ್ಕದಲ್ಲಿ ಮಾತನಾಡುವ ಹಿರಿಯರಿಲ್ಲದಿದ್ದರೆ ಮಕ್ಕಳು ಅದನ್ನು ದಾಟಿಸಿಕೊಂಡು ಮುಂದೆ ಹೋಗುತ್ತಾರೆ. ಮಗನಿಗೆ ಸಂಗತಿ ಹತ್ತಿರವಾಗಬೇಕಾದರೆ 'ದ ಸಿಂಪ್ಸನ್ಸ್' ಸರಣಿಯ ಅಂಗಡಿಯ ಅಪುವನ್ನು ನೆನಪಿಸಿ. ಆ ಭಾರತೀಯನಿಗೆ ದಶಕಗಳ ಕಾಲ ಬಿಳಿಯ ನಟ ಹ್ಯಾಂಕ್ ಅಜೇರಿಯಾ ಉತ್ಪ್ರೇಕ್ಷೆಯ ಉಚ್ಚಾರಣೆಯಲ್ಲಿ ಧ್ವನಿ ಕೊಟ್ಟು, 2020ರಲ್ಲಿ ನಿಲ್ಲಿಸಿದರು. ಅಪುವಿನ ಧಾಟಿಯಲ್ಲಿ ಶಾಲೆಯಲ್ಲಿ ಛೇಡಿಸಿಕೊಂಡ ಭಾರತೀಯ ಮಕ್ಕಳು ಅಮೆರಿಕದಲ್ಲಿ ಎಷ್ಟೋ ಜನ.

ಈ ಉದಾಹರಣೆ ನಿಮ್ಮ ಮಾವನವರಿಗೂ ತಲುಪುತ್ತದೆ. ಅವರ ನಗುವನ್ನು ಅಪರಾಧವೆಂಬಂತೆ ಮಾತನಾಡಬೇಡಿ, ಆ ಮುಖ ಎಲ್ಲಿಂದ ಬಂತೆಂಬ ಕಥೆಯನ್ನು ಹೇಳಿ. ಯಾವ ಚಿತ್ರಗಳನ್ನು ಮೊಮ್ಮಗಳಿಗೆ ತೋರಿಸಬಹುದೆಂದು ಆಯುವ ಕೆಲಸವನ್ನು ಅವರಿಗೇ ವಹಿಸಿದರೂ ಒಳ್ಳೆಯದೇ, ಆ ಡಿವಿಡಿಗಳನ್ನು ಅವರಷ್ಟು ಬಲ್ಲವರು ನಿಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ.

ಆ ಮಗುವಿನ ತಾಯಿಗೆ ಫೋನ್ ಮಾಡಿ, ತಡಮಾಡಬೇಡಿ. ನಮ್ಮ ಮನೆಯಲ್ಲಿ ಹಳೆಯ ಕಾರ್ಟೂನಿನಲ್ಲಿ ಇಂಥ ದೃಶ್ಯ ಬಂತು, ನಿಮ್ಮ ಮಗಳು ಹೀಗೆ ಕೇಳಿದಳು, ನನಗೆ ಆಗ ಉತ್ತರಿಸಲಾಗಲಿಲ್ಲ, ಕ್ಷಮಿಸಿ ಎಂದಷ್ಟು ಹೇಳಿದರೆ ಸಾಕು. ನಿಮಗೆ ಗೊತ್ತಿರಲಿಲ್ಲವೆಂದು ಸಮರ್ಥಿಸಿಕೊಳ್ಳಲು ಹೊರಟರೆ ಆಕೆಯೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ, ಅದು ಸಲ್ಲದು. ಆ ಮಗು ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರೆ, ಅದರ ವಯಸ್ಸಿಗೆ ತಕ್ಕ ನಿಜವಾದ ಉತ್ತರ ಇದು: ಬಹಳ ಹಿಂದೆ ಕೆಲವರು ಕಪ್ಪು ಬಣ್ಣದವರನ್ನು ಗೇಲಿ ಮಾಡುವುದು ತಮಾಷೆ ಅಂದುಕೊಂಡಿದ್ದರು, ಹಾಗೆ ಬರೆದದ್ದು ತಪ್ಪು, ನೀನು ಕೇಳಿದ್ದು ಸರಿ.